ಉಣ್ಣಿ ಕಚ್ಚಿದ ಮೇಲಿನ 30 ದಿನ

ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಕುರಿಹಟ್ಟಿಗಳಲ್ಲಿ ಮೈಗೆ ಉಣ್ಣಿ ಹತ್ತುವುದು ಸುದ್ದಿಯೇ ಅಲ್ಲ. ಕುರಿ ತರುಬಿದ ಹೊಲದಲ್ಲಿ ಮಲಗಿದವರು ಬೆಳಿಗ್ಗೆ ಎದ್ದು ಕಂಬಳಿ ಝಾಡಿಸುತ್ತಾರೆ, ಮೈ ಸವರಿಕೊಳ್ಳುತ್ತಾರೆ, ಕೈಗೆ ಸಿಕ್ಕಿದ್ದನ್ನು ಕಿತ್ತೆಸೆದು ಕೆಲಸಕ್ಕೆ ಹೋಗುತ್ತಾರೆ. ಈಗ ಅದೇ ಹಟ್ಟಿಯ ಓದಿದ ಹುಡುಗರು ಮೊಬೈಲಿನಲ್ಲಿ ಹುಡುಕುತ್ತಾರೆ, ಉಣ್ಣಿಯಿಂದ ಬರುವ ಲೈಮ್ ರೋಗ ಎಂಬ ಹೆಸರು ಕಣ್ಣಿಗೆ ಬೀಳುತ್ತದೆ, ರಾತ್ರಿಯೆಲ್ಲ ಓದಿ ಬೆಳಿಗ್ಗೆ ಬಂದು ನಿಲ್ಲುತ್ತಾರೆ: "ಸರ, ನಮ್ಮಪ್ಪಗ ಉಣ್ಣಿ ಕಡದೈತ್ರಿ, ಲೈಮ್ ಟೆಸ್ಟ್ ಮಾಡಿಸ್ಬೇಕೇನ್ರಿ?"

ಕುರಿಗಳ ಚಿಕಿತ್ಸೆಗೂ ಜ್ವರದ ತಪಾಸಣೆಗೂ ಈ ಹಟ್ಟಿಗಳಿಗೆ ಹೋಗುವ ನಮ್ಮ ಉತ್ತರ ಬಹುತೇಕ ಸಲ "ಬೇಡ" ಎಂದೇ. ಆದರೆ ಬೇಡ ಎಂದರೆ ಮರೆತುಬಿಡಿ ಎಂದಲ್ಲ. ಲೈಮ್ ರೋಗದ ಬಗ್ಗೆ ಬರೆದ ಸಲಹೆಗಳೆಲ್ಲ ಅಮೆರಿಕ, ಯುರೋಪಿನ ಉಣ್ಣಿಯನ್ನು ನೋಡಿ ಬರೆದವು. ಅವುಗಳಲ್ಲಿ ಅರ್ಧ ಇಲ್ಲಿಗೂ ಸಲ್ಲುತ್ತವೆ, ಇನ್ನರ್ಧವನ್ನು ಇಲ್ಲಿ ಹಾಗೇ ಪಾಲಿಸಿದರೆ ದಾರಿ ತಪ್ಪುತ್ತದೆ. ಯಾವುದು ಸಲ್ಲುತ್ತದೆ, ಯಾವುದು ಇಲ್ಲ ಎಂಬುದು ಉಣ್ಣಿ ಕಂಡ ಗಳಿಗೆಯಿಂದ ತಿಂಗಳ ತನಕ ಒಂದೊಂದೇ ಹೆಜ್ಜೆ ನಡೆದಾಗ ತಿಳಿಯುತ್ತದೆ.

ಮೊದಲ ಹೆಜ್ಜೆ ಕೀಳುವುದು. ಇಲ್ಲಿಯೇ ಹೆಚ್ಚು ಕೆಡುವುದು. "ಸೀಮಿಎಣ್ಣಿ ಹಚ್ಚಿದ್ರ ತಾನ ಬಿಡತೈತಿ ಬಿಡ್ರಿ" ಎನ್ನುವ ಅಜ್ಜಂದಿರು ಪ್ರತಿ ಹಟ್ಟಿಯಲ್ಲೂ ಇದ್ದಾರೆ. ಸುಣ್ಣ, ತಂಬಾಕು ರಸ, ಬೀಡಿಯ ಕೆಂಡ, ಈಗಿನವರ ವ್ಯಾಸಲೀನ್, ಉಗುರು ಬಣ್ಣ ಎಲ್ಲವೂ ಅದೇ ನಂಬಿಕೆಯ ಬೇರೆ ಬೇರೆ ರೂಪ. ಉಣ್ಣಿ ನಮ್ಮಂತೆ ಕ್ಷಣಕ್ಕೊಮ್ಮೆ ಉಸಿರಾಡುವ ಪ್ರಾಣಿಯಲ್ಲ. ಹೊಟ್ಟೆಯ ಎರಡು ಬದಿಗಿರುವ ರಂಧ್ರಗಳಿಂದ ಗಂಟೆಗೆ ಕೆಲವೇ ಸಲ ಗಾಳಿ ಎಳೆದುಕೊಳ್ಳುತ್ತದೆ. ಎಣ್ಣೆ ಬಳಿದರೂ ಬೇಗ ಸಾಯುವುದಿಲ್ಲ. ಅಷ್ಟು ಹೊತ್ತು ಅದು ಚರ್ಮದಲ್ಲೇ ಕಚ್ಚಿಕೊಂಡಿರುತ್ತದೆ, ಕೆರಳಿಸಿದರೆ ಜೊಲ್ಲನ್ನೂ ಹೊಟ್ಟೆಯಲ್ಲಿದ್ದುದನ್ನೂ ಗಾಯದೊಳಕ್ಕೆ ಬಿಡುವ ಸಾಧ್ಯತೆ ಹೆಚ್ಚು. ರೋಗಾಣು ಇರುವುದೇ ಅಲ್ಲಿ.

ಬೇಕಾದದ್ದು ತುದಿ ಚೂಪಾಗಿರುವ ಒಂದು ಚಿಮಟ. ಕಾಲಿನ ಮುಳ್ಳು ಕೀಳಲು ಕುರಿಗಾಹಿಗಳು ಇಟ್ಟುಕೊಳ್ಳುವ ಚಿಮಟವೇ ಸಾಕು, ಸ್ಪಿರಿಟ್ಟಿನಲ್ಲಿ ಒರೆಸಿಕೊಂಡರೆ. ಹುಬ್ಬು ತಿದ್ದುವ ಅಗಲ ತುದಿಯದು ಉಪಯೋಗವಿಲ್ಲ, ಅದು ಉಣ್ಣಿಯ ಹೊಟ್ಟೆಯನ್ನು ಹಿಂಡುತ್ತದೆ. ಎಡಗೈಯಿಂದ ಸುತ್ತಲ ಚರ್ಮವನ್ನು ಬಿಗಿ ಹಿಡಿದು, ಚಿಮಟದ ತುದಿಯನ್ನು ಚರ್ಮಕ್ಕೆ ತಾಗಿಸಿ, ಉಣ್ಣಿಯ ಮೂತಿ ಚರ್ಮ ಹೊಕ್ಕ ಜಾಗದಲ್ಲೇ ಹಿಡಿಯಬೇಕು. ಆಮೇಲೆ ನೇರ ಮೇಲಕ್ಕೆ, ಒಂದೇ ಸಮನೆ, ನಿಧಾನವಾಗಿ ಎಳೆಯುವುದು. ಚರ್ಮ ಗುಡಾರದ ಹಾಗೆ ಮೇಲೆದ್ದು ನಿಲ್ಲುತ್ತದೆ. ಅಲ್ಲಿ ಎಳೆತ ಬಿಡದೆ, ಹೆಚ್ಚಿಸದೆ ಹಿಡಿದಿದ್ದರೆ ಅರ್ಧ ನಿಮಿಷದಲ್ಲಿ ಸಾಮಾನ್ಯವಾಗಿ ಬಿಡುತ್ತದೆ. ತಿರುಚಬಾರದು, ಜಗ್ಗಬಾರದು. ಉಣ್ಣಿಯ ಮೂತಿಯಲ್ಲಿ ಹಿಮ್ಮುಖ ಹಲ್ಲುಗಳಿರುವ ಗರಗಸದಂಥ ಭಾಗವಿದೆ. ಹಲವು ಜಾತಿಯವು ಅದರ ಸುತ್ತ ಸಿಮೆಂಟಿನಂತೆ ಗಟ್ಟಿಯಾಗುವ ದ್ರವವನ್ನೂ ಸುರಿಸುತ್ತವೆ. ಜಗ್ಗಿದರೆ ಮೂತಿ ಮುರಿದು ಒಳಗೆ ಉಳಿಯುವುದು ಇದರಿಂದಲೇ.

ಮುರಿದರೆ ಗಾಬರಿ ಬೇಡ. ಮೇಲೆ ಕಾಣುತ್ತಿದ್ದರೆ ಚಿಮಟದಿಂದ ತೆಗೆಯಿರಿ, ಇಲ್ಲವಾದರೆ ಬಿಡಿ. ಕೆಲವು ದಿನಗಳಲ್ಲಿ ಚರ್ಮವೇ ಅದನ್ನು ಹೊರಹಾಕುತ್ತದೆ. ಉಳಿದ ಮೂತಿಯಿಂದ ಹೊಸದಾಗಿ ರೋಗ ಸಾಗುವುದಿಲ್ಲ. ಸೂಜಿ, ಬ್ಲೇಡು ಹಾಕಿ ಕೆದಕಿದವರಿಗೆ ಉಣ್ಣಿಗಿಂತ ಕೀವಿನ ಕಾಟವೇ ಹೆಚ್ಚಾಗುತ್ತದೆ. ನೆಲದ ಮೇಲೆ ಮಲಗುವ ಮಕ್ಕಳ ಕಿವಿಯೊಳಗೆ ಉಣ್ಣಿ ಹೊಕ್ಕಿದ್ದರೆ ಮಾತ್ರ ಮನೆಯಲ್ಲಿ ಏನೂ ಮಾಡಬೇಡಿ, ಕಿವಿ-ಮೂಗು-ಗಂಟಲಿನ ವೈದ್ಯರ ಹತ್ತಿರ ಹೋಗಿ. ತಮಟೆಗೆ ಪೆಟ್ಟಾದರೆ ಆ ನಷ್ಟ ದೊಡ್ಡದು.

ಕಿತ್ತ ಉಣ್ಣಿಯನ್ನು ಎರಡು ಹೆಬ್ಬೆರಳಿನ ಉಗುರುಗಳ ನಡುವೆ ಚಿಟಕ್ಕೆಂದು ಒಡೆಯುವ ಅಭ್ಯಾಸವಿದೆಯಲ್ಲ, ಅದನ್ನು ಬಿಡಿಸಲು ನಮಗೆ ಸಾಕುಸಾಕಾಗಿದೆ. ಕುರಿ-ದನಗಳ ಮೇಲಿನ ಹಯಲೋಮಾ ಜಾತಿಯ ಉಣ್ಣಿ, ಕಾಲಿನ ಮೇಲೆ ಬಿಳಿ ಪಟ್ಟೆಗಳಿರುವುದು, ಕ್ರಿಮಿಯನ್-ಕಾಂಗೋ ರಕ್ತಸ್ರಾವ ಜ್ವರದ ವೈರಸ್ಸನ್ನು ಹೊರಬಲ್ಲದು. 2011ರಲ್ಲಿ ಗುಜರಾತಿನಲ್ಲಿ ಆ ಜ್ವರ ಕಾಣಿಸಿಕೊಂಡು ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ಸಿಬ್ಬಂದಿಯೂ ಸತ್ತರು. ಕುರಿಗೆ ಆ ವೈರಸ್ ತಗುಲಿದರೂ ಅದು ಮೇಯುತ್ತ ಆರಾಮವಾಗಿಯೇ ಇರುತ್ತದೆ, ನೋಡಿ ಗುರುತಿಸಲು ಬಾರದು. ಉಣ್ಣಿಯ ಹೊಟ್ಟೆಯ ರಕ್ತ ಬೆರಳಿನ ಬಿರುಕಿಗೆ ಹತ್ತಿದರೆ ಸಾಕು. ಆದ್ದರಿಂದ ಒಡೆಯಬೇಡಿ. ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕಿ, ಅದಿಲ್ಲದಿದ್ದರೆ ಪಾರದರ್ಶಕ ಟೇಪಿನಲ್ಲಿ ಕಾಗದಕ್ಕೆ ಅಂಟಿಸಿ. ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪು ಹಚ್ಚಿ ತೊಳೆದು ಸ್ಪಿರಿಟ್ ಅಥವಾ ಪೊವಿಡೋನ್ ಅಯೋಡಿನ್ ಹಚ್ಚಿದರೆ ಆ ದಿನದ ಕೆಲಸ ಮುಗಿಯಿತು.

ಮುಗಿಯಿತು ಎಂದರೂ ಒಂದು ಚೀಟಿ ಬಾಕಿ. ಕಿತ್ತ ತಾರೀಖು, ಮೈಯ ಯಾವ ಭಾಗ, ಉಣ್ಣಿ ಚಪ್ಪಟೆಯಾಗಿತ್ತೋ ರಕ್ತ ಕುಡಿದು ಉಬ್ಬಿತ್ತೋ, ಹಿಂದಿನ ಎರಡು ವಾರ ಯಾವ್ಯಾವ ಊರಿನಲ್ಲಿ ಇದ್ದರು. ಬರೆಯಲು ಬಾರದವರು ಮೊಬೈಲಿನಲ್ಲಿ ಫೋಟೋ ತೆಗೆದರೂ ಆಯಿತು, ತಾರೀಖು ಅದರಲ್ಲೇ ಇರುತ್ತದೆ. ಜ್ವರ ಬಂದು ವೈದ್ಯರ ಮುಂದೆ ಕೂತಾಗ ಯಾವ ರಕ್ತಪರೀಕ್ಷೆಗಿಂತಲೂ ಈ ಚೀಟಿ ಬೇಗ ದಾರಿ ತೋರಿಸುತ್ತದೆ.

ಈಗ ಲೈಮ್ ವಿಚಾರ. 1975ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಸುತ್ತ ಮಕ್ಕಳಲ್ಲಿ ಗುಂಪುಗುಂಪಾಗಿ ಕೀಲುಬಾವು ಕಾಣಿಸಿತು, ಹೆಸರು ಬಂದದ್ದು ಅಲ್ಲಿಂದ. ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ವಿಲಿ ಬರ್ಗ್‌ಡಾರ್ಫರ್ ಉಣ್ಣಿಯ ಹೊಟ್ಟೆಯಲ್ಲಿ ಕಂಡದ್ದನ್ನು 1982ರಲ್ಲಿ ಪ್ರಕಟಿಸಿದರು. ಅದಕ್ಕೆ ಬೊರೆಲಿಯಾ ಬರ್ಗ್‌ಡಾರ್ಫೆರಿ ಎಂದು ಅವರದೇ ಹೆಸರಿಟ್ಟರು. ಅದನ್ನು ಹರಡುವುದು ಇಕ್ಸೋಡಿಸ್ ಕುಲದ ಉಣ್ಣಿ. ಕಾಡಂಚಿನ ಎಲೆರಾಶಿಯ ತಂಪಿನಲ್ಲಿ ಬದುಕುವ ಇದು ಮರಿಯಿದ್ದಾಗ ಇಲಿಯ ರಕ್ತ, ದೊಡ್ಡದಾದ ಮೇಲೆ ಜಿಂಕೆಯ ರಕ್ತ ಕುಡಿಯುತ್ತದೆ. ಹೆಚ್ಚು ಕಚ್ಚುವುದು ಗಸಗಸೆ ಕಾಳಿನಷ್ಟೇ ಇರುವ ನಡುವಯಸ್ಸಿನ ಮರಿ, ಆದ್ದರಿಂದ ಕಚ್ಚಿದ್ದೇ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ಬ್ಯಾಕ್ಟೀರಿಯಾ ಇರುವುದು ಅದರ ಕರುಳಿನಲ್ಲಿ. ರಕ್ತ ಒಳಬಂದ ಮೇಲೆ ಎಚ್ಚೆತ್ತು ಜೊಲ್ಲುಗ್ರಂಥಿಗೆ ಸಾಗಲು ಹೊತ್ತು ಬೇಕು. 24 ಗಂಟೆಯೊಳಗೆ ಕಿತ್ತರೆ ಲೈಮ್ ಬರುವುದು ಅಪರೂಪ ಎಂಬ ಮಾತಿನ ಹಿಂದಿರುವುದು ಈ ಪ್ರಯಾಣ.

ಕೊಪ್ಪಳದ ಎರೆಹೊಲ, ರಾಯಚೂರಿನ ಬಿಸಿಲು, ಸಂಡೂರು ಗುಡ್ಡದ ಕುರುಚಲು, ಇಲ್ಲೆಲ್ಲ ಕುರಿ, ದನ, ನಾಯಿಗಳ ಮೈಮೇಲೆ ಸಿಗುವುದು ಹಯಲೋಮಾ, ರಿಪಿಸೆಫಾಲಸ್, ಹೀಮಾಫೈಸಾಲಿಸ್ ಕುಲದವು. ಲೈಮ್ ಹರಡುವುದು ಇವುಗಳ ಕೆಲಸವಲ್ಲ. ಭಾರತದಲ್ಲಿ ಲೈಮ್ ಇಲ್ಲವೇ ಇಲ್ಲ ಎನ್ನಲಾಗದು. ಹಿಮಾಲಯದ ತಪ್ಪಲಿನಿಂದ ಬಿಡಿಬಿಡಿ ವರದಿಗಳಿವೆ, ಬಂಡೀಪುರ-ನಾಗರಹೊಳೆಯ ಕಾಡಿನಲ್ಲಿ ದುಡಿಯುವವರ ರಕ್ತದಲ್ಲಿ ಬೊರೆಲಿಯಾ ವಿರುದ್ಧದ ಪ್ರತಿಕಾಯಗಳೂ ಕಂಡಿವೆ. ಪ್ರತಿಕಾಯ ಕಂಡದ್ದು ಬೇರೆ, ರೋಗ ಇರುವುದು ಬೇರೆ. ಆದರೆ ಕುಷ್ಟಗಿಯ ಕುರಿಹಟ್ಟಿಯಲ್ಲಿ ಉಣ್ಣಿ ಕಚ್ಚಿದವನಿಗೆ ಮೊದಲು ಯೋಚಿಸಬೇಕಾದ ರೋಗ ಅದಲ್ಲ.

24 ಗಂಟೆಯ ಲೆಕ್ಕ ಇಲ್ಲಿ ಹೊಂದದಿರುವುದು ಇದಕ್ಕೇ. ಉಣ್ಣಿ ಟೈಫಸ್‌ನಂಥ ಜ್ವರ ತಂದು ನಮ್ಮ ಕಡೆ ಕಾಡುವ ರಿಕೆಟ್ಸಿಯಾ ಜಾತಿಯ ಸೂಕ್ಷ್ಮಾಣುಗಳು ಅಷ್ಟು ಕಾಯುವುದಿಲ್ಲ, ಕೆಲವೇ ಗಂಟೆಗಳಲ್ಲಿ ದಾಟಬಲ್ಲವು. "ರಾತ್ರಿ ಹತ್ತಿದ್ದು, ಬೆಳಿಗ್ಗಿ ಕಿತ್ತೀನಿ, ಇನ್ನ ಒಂದ್ ದಿನಾನೂ ಆಗಿಲ್ಲ" ಎಂಬ ಸಮಾಧಾನ ಇಲ್ಲಿ ನಿಲ್ಲದು. ಹಾಗೆಯೇ ಕಿತ್ತ 72 ಗಂಟೆಯೊಳಗೆ ಬ್ಯಾಕ್ಟೀರಿಯಾ ಕೊಲ್ಲುವ ಡಾಕ್ಸಿಸೈಕ್ಲಿನ್ ಗುಳಿಗೆಯನ್ನು 200 ಮಿಲಿಗ್ರಾಂ ಒಂದೇ ಸಲ ನುಂಗುವ ಸಲಹೆಯೂ. ಲೈಮ್ ಇರುವ ಸೀಮೆಯಲ್ಲಿ, ಇಕ್ಸೋಡಿಸ್ ಉಣ್ಣಿ, 36 ಗಂಟೆಗೂ ಹೆಚ್ಚು ಕಚ್ಚಿಕೊಂಡಿದ್ದರೆ ಎಂಬ ಮೂರೂ ಷರತ್ತು ಕೂಡಿದಾಗ ಮಾತ್ರ ಅದಕ್ಕೆ ಅರ್ಥ. ಇಲ್ಲಿ ಮೆಡಿಕಲ್ ಶಾಪಿಗೆ ಹೋಗಿ ಎರಡು ಗುಳಿಗೆ ನುಂಗಿ ಬಂದವರಿಗೆ ರಕ್ಷಣೆಯೂ ಇಲ್ಲ, ಎಚ್ಚರವೂ ಇಲ್ಲ. ಟಿಟಿ ಸೂಜಿಯದೂ ಅದೇ ಕತೆ. ಹತ್ತು ವರ್ಷದಿಂದ ಹಾಕಿಸಿಕೊಂಡಿಲ್ಲವಾದರೆ ಹಾಕಿಸಿಕೊಳ್ಳಿ, ಅದು ಧನುರ್ವಾಯುವಿಗೆ. ಉಣ್ಣಿಜ್ವರವನ್ನು ಅದು ತಡೆಯುವುದಿಲ್ಲ.

ಮೊದಲ ಎರಡು ದಿನ ಕಚ್ಚಿದ ಜಾಗ ಕೆಂಪಾಗಿ, ತುರಿಸಿ, ಗಂಟು ಕಟ್ಟುವುದು ಸಹಜ. ಅದು ಜೊಲ್ಲಿಗೆ ಚರ್ಮದ ಸಿಟ್ಟು. 5 ಸೆಂಟಿಮೀಟರಿಗಿಂತ ಚಿಕ್ಕದಿದ್ದು ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಕ್ಯಾಲಮೈನ್ ಲೋಷನ್ ಸಾಕು. ಸಣ್ಣ ಗಟ್ಟಿ ಗಂಟು ವಾರಗಟ್ಟಲೆ ಉಳಿದರೂ ಹೆದರಬೇಕಿಲ್ಲ. ನಿಗಾ ಇರಬೇಕಾದದ್ದು ಜ್ವರದ ಮೇಲೆ. ಮೂರನೇ ದಿನದಿಂದ ಎರಡು ವಾರದವರೆಗೆ ದಿನಕ್ಕೆರಡು ಸಲ ಥರ್ಮಾಮೀಟರ್ ಇಟ್ಟು ನೋಡಿದರೆ ಒಳ್ಳೆಯದು, ಆಮೇಲೆ 30 ದಿನದ ತನಕ ಚರ್ಮವನ್ನು ನೋಡಿಕೊಂಡರಾಯಿತು.

ಜ್ವರ ಬಂತು ಎನ್ನಿ. ನಮ್ಮ ಸೀಮೆಯಲ್ಲಿ ಜ್ವರವೆಂದರೆ ವಿಡಾಲ್ ಪರೀಕ್ಷೆ, ವಿಡಾಲ್ ಎಂದರೆ ಟೈಫಾಯಿಡ್, ಟೈಫಾಯಿಡ್ ಎಂದರೆ ಸೆಫ್ಟ್ರಿಯಾಕ್ಸೋನ್ ಸೂಜಿ. ಸೂಜಿ ಮೇಲೆ ಸೂಜಿ ಹಾಕಿದರೂ ಜ್ವರ ಇಳಿಯದಿದ್ದರೆ ಆಗ ಉಣ್ಣಿಯ ನೆನಪಾಗುತ್ತದೆ. ರಿಕೆಟ್ಸಿಯಾ ಸೂಕ್ಷ್ಮಾಣು ನಮ್ಮ ಜೀವಕೋಶದ ಒಳಗೇ ಬದುಕುವುದು, ಸೆಫ್ಟ್ರಿಯಾಕ್ಸೋನ್ ಅದಕ್ಕೆ ನಾಟುವುದಿಲ್ಲ. ಅದಕ್ಕೇ ರಕ್ತ ತೆಗೆಯುವ ಮೊದಲು ಮೈ ಹುಡುಕಬೇಕು. ಬಟ್ಟೆ ಸರಿಸಿ, ಬೆಳಕಿನಲ್ಲಿ: ಕಂಕುಳು, ತೊಡೆಸಂದು, ಉಡದಾರದ ಕೆಳಗೆ, ಹೆಂಗಸರಲ್ಲಿ ಸ್ತನದ ಅಡಿ ಮತ್ತು ಸೀರೆಯ ಗಂಟು ಕೂರುವ ಸೊಂಟ, ಕಿವಿಯ ಹಿಂದೆ, ತಲೆಗೂದಲಿನ ನಡುವೆ. ಕೆಂಪು ಅಂಚಿನ ಕಪ್ಪು ಹಕ್ಕಳೆ, ನೋವಿಲ್ಲ, ತುರಿಕೆಯೂ ಇಲ್ಲ, ರೋಗಿಗೆ ಅದು ಇರುವುದೇ ಗೊತ್ತಿಲ್ಲ, ಹೀಗಿದ್ದರೆ ಅರ್ಧ ರೋಗನಿರ್ಣಯ ಮುಗಿದಂತೆ. ಹಕ್ಕಳೆ ಹೆಚ್ಚಾಗಿ ಕಾಣುವುದು ಸ್ಕ್ರಬ್ ಟೈಫಸ್‌ನಲ್ಲಿ. ಅದನ್ನು ತರುವುದು ಉಣ್ಣಿಯಲ್ಲ, ಪೊದೆ-ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ. ಅಂಗೈ, ಅಂಗಾಲಿನಲ್ಲೂ ಕೆಂಪು ಚುಕ್ಕೆ ಎದ್ದಿದ್ದರೆ ನಾಯಿ ಉಣ್ಣಿಯಿಂದ ಬರುವ ಭಾರತೀಯ ಉಣ್ಣಿ ಟೈಫಸ್ ಎಂದು ಅನುಮಾನಿಸಬೇಕು. ಬೇರೆ ಸಾಮಾನ್ಯ ಜ್ವರಗಳ ಗುಳ್ಳೆ-ಚುಕ್ಕೆಗಳು ಅಂಗಾಲಿಗೆ ಇಳಿಯುವುದು ಕಡಿಮೆ.

ಪರೀಕ್ಷೆಗೆ ತಾಲ್ಲೂಕು ಮಟ್ಟದಲ್ಲಿ ಸಿಗುವುದು ವೈಲ್-ಫೆಲಿಕ್ಸ್ ಎಂಬ ರಕ್ತಪರೀಕ್ಷೆ. ಅದರಲ್ಲಿ ಓಎಕ್ಸ್-ಕೆ ಎಂಬ ಅಂಕಿ ಏರಿದ್ದರೆ ಸ್ಕ್ರಬ್ ಟೈಫಸ್ ಕಡೆ, ಓಎಕ್ಸ್-2 ಅಥವಾ ಓಎಕ್ಸ್-19 ಏರಿದ್ದರೆ ಉಣ್ಣಿ ಟೈಫಸ್ ಸೇರಿದ ಚುಕ್ಕೆಜ್ವರದ ಗುಂಪಿನ ಕಡೆ ಬೆರಳು ತೋರಿಸುತ್ತದೆ. ಅಗ್ಗ, ಆದರೆ ರೋಗವಿದ್ದೂ ಇಲ್ಲ ಎನ್ನುವುದು ಬಹಳ. ಸೋಂಕಿನಲ್ಲಿ ಮೊದಲು ಮೂಡುವ ಪ್ರತಿಕಾಯವನ್ನು (ಐಜಿಎಂ) ನೋಡುವ ಎಲೈಸಾ ಪರೀಕ್ಷೆ ಇದಕ್ಕಿಂತ ನಂಬಿಕಸ್ಥ, ಅದೂ ಜ್ವರ ಬಂದು ಐದಾರು ದಿನ ಕಳೆದ ಮೇಲೆ. ಅನುಭವವಿರುವ ವೈದ್ಯರು ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡುತ್ತಾರೆ: ದೊಡ್ಡವರಿಗೆ 100 ಮಿಲಿಗ್ರಾಂ ದಿನಕ್ಕೆರಡು ಸಲ, ಸಾಮಾನ್ಯವಾಗಿ 7 ದಿನ. ಗರ್ಭಿಣಿಯರಿಗೆ ಅಜಿತ್ರೊಮೈಸಿನ್. 48 ಗಂಟೆಯಲ್ಲಿ ಜ್ವರ ಇಳಿದರೆ ಅದೇ ಒಂದು ಸಾಕ್ಷಿ. ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು. ಗುಳಿಗೆಯನ್ನು ಊಟದ ಜೊತೆ ತುಂಬಿದ ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದು, ಅನ್ನನಾಳಕ್ಕೆ ಅಂಟಿಕೊಂಡರೆ ಹುಣ್ಣಾಗುತ್ತದೆ. ಹಾಲು, ಕಬ್ಬಿಣದ ಗುಳಿಗೆ, ಅಸಿಡಿಟಿ ಔಷಧಿ ಜೊತೆಗೆ ಬೇಡ. ಇದನ್ನು ತಿನ್ನುವಾಗ ಚರ್ಮಕ್ಕೆ ಬಿಸಿಲು ತಡೆಯದು, ಬಳ್ಳಾರಿಯ ಬಿಸಿಲಿನಲ್ಲಿ ಇದನ್ನು ಹೇಳದೆ ಕಳಿಸಿದರೆ ಮುಖ, ಕೈ ಸುಟ್ಟುಕೊಂಡು ವಾಪಸ್ ಬರುತ್ತಾರೆ.

ಚೀಟಿಯಲ್ಲಿ ಊರಿನ ಹೆಸರು ಬರೆಸುವುದು ಯಾಕೆಂದರೆ ಅಡಿಕೆ, ಕಾಫಿ ತೋಟದ ಕೂಲಿಗೆ ಮಲೆನಾಡಿಗೆ ಹೋಗಿ ಬರುವವರಿದ್ದಾರೆ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ, ಉಣ್ಣಿಯಿಂದಲೇ ಹರಡುವ ಮಂಗನ ಕಾಯಿಲೆ ಈಗ ಚಿಕ್ಕಮಗಳೂರು, ಉತ್ತರ ಕನ್ನಡದಲ್ಲೂ ಇದೆ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಅಲ್ಲಿಂದ ಬಂದು 3ರಿಂದ 8 ದಿನದೊಳಗೆ ಒಮ್ಮೆಲೇ ಜೋರು ಜ್ವರ, ತಲೆಸಿಡಿತ, ಸೊಂಟನೋವು, ಕಣ್ಣು ಕೆಂಪು, ಪ್ಲೇಟ್‌ಲೆಟ್ ಕಡಿಮೆ ಆದರೆ ಎಲ್ಲರೂ ಡೆಂಗಿ ಎನ್ನುತ್ತಾರೆ. ಅದು ವೈರಸ್, ಡಾಕ್ಸಿಸೈಕ್ಲಿನ್ ಕೆಲಸಕ್ಕೆ ಬಾರದು. ಆಸ್ಪಿರಿನ್, ಐಬುಪ್ರೊಫೇನ್ ಕೊಟ್ಟರೆ ರಕ್ತಸ್ರಾವದ ಭಯ, ಪ್ಯಾರಾಸಿಟಮಾಲ್ ಮಾತ್ರ. ಮಲೆನಾಡಿಗೆ ಹೋಗಿದ್ದೆ ಎಂಬ ಒಂದು ಮಾತು ಹೇಳಿದರೆ ಮಾದರಿ ಶಿವಮೊಗ್ಗದ ವೈರಸ್ ಪ್ರಯೋಗಾಲಯಕ್ಕೆ ಹೋಗಬಹುದು, ಹೇಳದಿದ್ದರೆ ಹೋಗುವುದಿಲ್ಲ.

ಹಾಗಾದರೆ ಇಲ್ಲಿ ಲೈಮ್ ಯಾರಿಗೆ? ಮಗಳ ಬಾಣಂತನಕ್ಕೆ ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್‌ಗೆ ಹೋಗುವ ಗಂಗಾವತಿ, ಸಿಂಧನೂರು, ಬಳ್ಳಾರಿಯ ಅಪ್ಪ-ಅಮ್ಮಂದಿರಿಗೆ. ಹೋಗುವುದು ಬೇಸಿಗೆಯ ಆರು ತಿಂಗಳು, ಮರಿ ಉಣ್ಣಿ ಚುರುಕಾಗಿರುವುದೂ ಅಲ್ಲಿ ಮೇನಿಂದ ಜುಲೈ. ಬೆಳಿಗ್ಗೆ ಪಾರ್ಕಿನಲ್ಲಿ ನಡೆಯುತ್ತಾರೆ, ಹಿತ್ತಲಲ್ಲಿ ಮೆಂತ್ಯ ಹಾಕುತ್ತಾರೆ. ಉಣ್ಣಿ ಕಂಡಿರುವುದಿಲ್ಲ. ಊರಿಗೆ ಬಂದ ಮೇಲೆ ತೊಡೆಯ ಮೇಲೊಂದು ಗುಂಡನೆಯ ಕಲೆ, ಹತ್ತಿರದ ಅಂಗಡಿಯಲ್ಲಿ "ಹುಳುಕಡ್ಡಿರೀ ಇದು" ಎಂದು ಸ್ಟಿರಾಯ್ಡ್ ಬೆರೆತ ಮುಲಾಮು ಕೊಡುತ್ತಾರೆ, ಕಲೆ ತಾನಾಗಿಯೇ ಮಾಸುತ್ತದೆ, ಮುಲಾಮಿಗೆ ಹೆಸರು ಬರುತ್ತದೆ. ರೋಗ ಒಳಗೇ ಇರುತ್ತದೆ.

ಇವೆರಡನ್ನು ಬೇರ್ಪಡಿಸುವುದು ಕಷ್ಟವಿಲ್ಲ. ಹುಳುಕಡ್ಡಿಯ ಅಂಚು ಉಬ್ಬಿ, ಹೊಟ್ಟು ಉದುರಿ, ವಿಪರೀತ ತುರಿಸುತ್ತದೆ, ಹರಡುವುದು ವಾರಗಟ್ಟಲೆ. ಲೈಮ್ ಕಲೆ ಚಪ್ಪಟೆ, ಹೊಟ್ಟಿಲ್ಲ, ತುರಿಕೆ ಕಡಿಮೆ, ಮುಟ್ಟಿದರೆ ಬೆಚ್ಚಗೆ. ಕಚ್ಚಿದ 3ರಿಂದ 30 ದಿನದೊಳಗೆ ಶುರುವಾಗಿ ದಿನದಿನಕ್ಕೆ ಹಿಗ್ಗಿ 5 ಸೆಂಟಿಮೀಟರ್ ದಾಟುತ್ತದೆ, ಕೆಲವರಲ್ಲಿ 30ರವರೆಗೂ. ಚಿತ್ರಗಳಲ್ಲಿ ಕಾಣುವ ನಡುವೆ ಕೆಂಪು, ಸುತ್ತ ಬಿಳಿ, ಮತ್ತೆ ಕೆಂಪು ಎಂಬ ಬಳೆಯಾಕಾರ ಎಲ್ಲರಲ್ಲೂ ಇರದು. ಆ ಚಿತ್ರಗಳೆಲ್ಲ ಬಿಳಿ ಚರ್ಮದವು, ನಮ್ಮ ಕಪ್ಪು-ಗೋಧಿ ಮೈಬಣ್ಣದಲ್ಲಿ ಅದು ಕಂದಿದ ಗುರುತಿನ ಹಾಗೆ ಕಂಡು ತಪ್ಪಿಹೋಗುತ್ತದೆ. ಪೆನ್ನಿನಿಂದ ಅಂಚಿನ ಸುತ್ತ ಗೆರೆ ಎಳೆದು ಮರುದಿನ ನೋಡಿ. ಗೆರೆ ದಾಟಿದ್ದರೆ ಅಂಗಡಿಯ ಮುಲಾಮು ಬದಿಗಿಟ್ಟು ಚರ್ಮವೈದ್ಯರಲ್ಲಿಗೆ ಹೋಗಿ, ಅಮೆರಿಕಕ್ಕೆ ಹೋಗಿ ಬಂದ ತಾರೀಖು ಮೊದಲು ಹೇಳಿ. ಈ ಕಲೆ ಸ್ಪಷ್ಟವಿದ್ದರೆ ರಕ್ತಪರೀಕ್ಷೆಯೇ ಬೇಡ. ಪ್ರತಿಕಾಯ ಬೆಳೆಯಲು ವಾರಗಳು ಹಿಡಿಯುವುದರಿಂದ ಆಗ ಮಾಡಿಸಿದರೆ ಹೆಚ್ಚಾಗಿ ನೆಗೆಟಿವ್ ಬರುತ್ತದೆ, ಅದನ್ನು ನಂಬಿ ಔಷಧಿ ಬಿಟ್ಟರೆ ಕೆಟ್ಟಂತೆ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ 10 ದಿನ, ಅದು ಆಗದವರಿಗೆ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ ದಿನಕ್ಕೆ ಮೂರು ಸಲ 14 ದಿನ.

ಕಲೆ ಬಾರದೆಯೂ ಲೈಮ್ ಬರುತ್ತದೆ. ತಿಂಗಳುಗಳ ನಂತರ ಒಂದೇ ಮಂಡಿ ದಪ್ಪಗೆ ಊದಿಕೊಂಡರೆ, ಮುಖದ ಒಂದು ಬದಿ ಜೋತರೆ, ನಾಡಿ ಬಡಿತ ತೀರ ನಿಧಾನವಾಗಿ ತಲೆ ತಿರುಗಿದರೆ ಪರೀಕ್ಷೆಗೆ ಅರ್ಥವಿದೆ. 2006ರ ಚಿಕೂನ್‌ಗುನ್ಯಾ ಕಂಡ ನಾಡಿದು, ಮಂಡಿನೋವಿಗೆಲ್ಲ ಅದನ್ನೇ ಹೆಸರಿಸುವ ರೂಢಿ ಇನ್ನೂ ಇದೆ. ಲೈಮ್ ಪರೀಕ್ಷೆಯೆಂದರೆ ಮೊದಲು ಎಲೈಸಾ, ಅದು ಪಾಸಿಟಿವ್ ಬಂದರೆ ಎರಡನೆಯದಾಗಿ ವೆಸ್ಟರ್ನ್ ಬ್ಲಾಟ್. ಒಂದೇ ಪರೀಕ್ಷೆಯಲ್ಲಿ ನಿಲ್ಲಿಸಿದರೆ ಬೇರೆ ಸೋಂಕುಗಳೂ ಲೈಮ್ ಆಗಿ ಕಾಣುತ್ತವೆ. ರೋಗ ಶುರುವಾಗಿ ತಿಂಗಳು ದಾಟಿದ ಮೇಲೆ ಬರೀ ಐಜಿಎಂ ಪಾಸಿಟಿವ್ ಬಂದರೆ ಲೆಕ್ಕಕ್ಕಿಲ್ಲ. ದೇಶ ಬಿಟ್ಟು ಹೋಗದ ಕುರಿಗಾಹಿಗೆ ಸುಸ್ತು, ಮೈಕೈನೋವು ಎಂದು ಲೈಮ್ ಪ್ಯಾನೆಲ್ ಬರೆಸುವುದು ದುಡ್ಡಿಗೆ ದಂಡ.

ಇನ್ನು ಹಟ್ಟಿ. ಹಯಲೋಮಾ, ನಾಯಿ ಉಣ್ಣಿಗಳು ಮೊಟ್ಟೆಯಿಡುವುದು ಕೊಟ್ಟಿಗೆಯ ಗೋಡೆಬಿರುಕಿನಲ್ಲಿ, ಒಂದೊಂದು ಸಾವಿರಗಟ್ಟಲೆ. ಪ್ರಾಣಿಗೆ ಮಾತ್ರ ಸಿಂಪಡಿಸಿ ಗೋಡೆ ಬಿಟ್ಟರೆ ಮತ್ತೆ ಮೊದಲಿನಷ್ಟೇ. 12.5 ಶೇಕಡಾ ಅಮಿಟ್ರಾಜ್ ದ್ರಾವಣವನ್ನು ಲೀಟರ್ ನೀರಿಗೆ 2 ಮಿಲಿಲೀಟರ್ ಬೆರೆಸಿ, ಪ್ರಾಣಿಗೆ ಮೊದಲು ಹೊಟ್ಟೆತುಂಬ ನೀರು ಕುಡಿಸಿ, ತಂಪು ಹೊತ್ತಿನಲ್ಲಿ ಕೂದಲಿಗೆ ಎದುರಾಗಿ ಸಿಂಪಡಿಸಬೇಕು. ಕಿವಿಯ ಸುತ್ತ, ಬಾಲದಡಿ, ಕೆಚ್ಚಲಿನ ಸಂದು ಬಿಡಬಾರದು. ಕುದುರೆಗೆ ಅಮಿಟ್ರಾಜ್ ಬೇಡವೇ ಬೇಡ. ಕೈಗವಸು, ಮೂಗಿಗೆ ಬಟ್ಟೆ ಇರಲಿ. ಮೊಟ್ಟೆ ಒಡೆದು ಬರುವವಕ್ಕಾಗಿ ಎರಡು-ಮೂರು ವಾರಕ್ಕೆ ಇನ್ನೊಮ್ಮೆ. ಬಿರುಕಿಗೆ ಮಣ್ಣು ಅಥವಾ ಸಿಮೆಂಟು ಮೆತ್ತಿದರೆ ಆಮೇಲಿನ ಖರ್ಚು ಅರ್ಧ ಉಳಿಯುತ್ತದೆ.

ಭತ್ತಕ್ಕೋ ಮೆಣಸಿನಕಾಯಿಗೋ ಹತ್ತಿಗೋ ತಂದ ಔಷಧಿ ಉಳಿದಿದೆಯೆಂದು ಅದನ್ನೇ ಕುರಿಗೆ ಸುರಿಯುವುದು, ಇನ್ನೂ ಕೆಟ್ಟದೆಂದರೆ ಮಕ್ಕಳ ತಲೆಗೆ ಹಚ್ಚುವುದು, ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ನಡೆಯುತ್ತದೆ. ಬೆಳೆಯ ಕೀಟನಾಶಕಗಳಲ್ಲಿ ಹಲವು ಚರ್ಮದಿಂದಲೇ ಒಳಹೋಗುತ್ತವೆ. ಬಾಯಲ್ಲಿ ಜೊಲ್ಲು, ಬೆವರು, ವಾಂತಿ, ಕಣ್ಣಿನ ಪಾಪೆ ಚಿಕ್ಕದಾಗುವುದು ಕಂಡರೆ ಬಟ್ಟೆ ಕಳಚಿ, ಸೋಪು ನೀರಿನಲ್ಲಿ ಮೈತೊಳೆದು, ಔಷಧಿಯ ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಬೇಕು. ಡಬ್ಬಿಯ ಮೇಲಿನ ಹೆಸರು ನೋಡಿದರೆ ವಿಷ ಇಳಿಸುವ ಅಟ್ರೊಪಿನ್ ಸೂಜಿ ಬೇಕೋ ಬೇಡವೋ ವೈದ್ಯರಿಗೆ ತಕ್ಷಣ ತಿಳಿಯುತ್ತದೆ.